ಸಂಬಳದ ಆಟಗಾರ ಪಾಳವಣಕರ ಬಾಳೂ

ದಿಲ್ಲಿಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಕ್ರಿಕೆಟ್ಟಿನ ಮಾತು ಬಂದರೆ, ಅದು ಎಲ್ಲಿಂದಲೇ ಶುರುವಾಗಲಿ, ಸುತ್ತಿ ಬಳಸಿ ಫಿರೋಜ್ ಷಾ ಕೋಟ್ಲಾ ಮೈದಾನಕ್ಕೆ, 1999ರ ಫೆಬ್ರವರಿ 7ನೆಯ ತಾರೀಖಿಗೆ ಬಂದು ನಿಲ್ಲುತ್ತದೆ. ಅಂದು ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ಟುಗಳನ್ನು 74 ಓಟಗಳಿಗೆ ಉರುಳಿಸಿದರು. ಆ ದಿನ ತಾವು ಮೈದಾನದಲ್ಲೇ ಇದ್ದೆವೆಂದು ಹೇಳಿಕೊಳ್ಳುವ ಕನ್ನಡಿಗರನ್ನೆಲ್ಲ ಒಂದು ಕಡೆ ಕೂರಿಸಿದರೆ ಕೋಟ್ಲಾದ ಗ್ಯಾಲರಿ ಸಾಲದು. ನಾವಂತೂ ಅಲ್ಲಿರಲಿಲ್ಲ. ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದೆವು, ಭಾನುವಾರವಾದ್ದರಿಂದ ಹಾಸ್ಟೆಲಿನ ಟೀವಿಯ ಮುಂದೆ ನೆಲದ ಮೇಲೆ ಕುಳಿತು ನೋಡಿದೆವು. ರಾತ್ರಿ ಊಟದ ಹೊತ್ತಿಗೆ ಚರ್ಚೆ ಬಿಸಿಯೇರಿತು. ಪ್ರಸನ್ನ ದೊಡ್ಡವರೋ ಚಂದ್ರಶೇಖರ್ ದೊಡ್ಡವರೋ, 1974ರಲ್ಲಿ ಮುಂಬಯಿಯ ಹದಿನೈದು ವರ್ಷಗಳ ರಣಜಿ ಪಾರುಪತ್ಯವನ್ನು ಮುರಿದದ್ದು ಯಾರ ಕೈಚಳಕ ಎಂಬ ವಾದ ಮಧ್ಯರಾತ್ರಿಯವರೆಗೆ ನಡೆಯಿತು. ಅಷ್ಟು ಮಾತಿನ ನಡುವೆ ಒಬ್ಬರ ಬಾಯಲ್ಲೂ ಬರದಿದ್ದ ಹೆಸರು ಒಂದಿತ್ತು. ನಾವು ಕುಳಿತಿದ್ದ ಅದೇ ಊರಿನಲ್ಲಿ, ಆ ಹೊತ್ತಿಗೆ ಸುಮಾರು ನೂರಿಪ್ಪತ್ತೈದು ವರ್ಷ ಹಿಂದೆ ಹುಟ್ಟಿದ, ಭಾರತದ ಮೊದಲ ದೊಡ್ಡ ಸ್ಪಿನ್ ಬೌಲರನೆಂದು ಇಂದು ಎಲ್ಲರೂ ಒಪ್ಪುವ ಮನುಷ್ಯನ ಹೆಸರು ಅದು: ಪಾಳವಣಕರ ಬಾಳೂ.

ಧಾರವಾಡವೆಂದರೆ ನಮಗೆ ಬೇಂದ್ರೆಯವರು, ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು, ಕೊನೆಗೆ ಪೇಡೆ. ಈ ಪಟ್ಟಿಯಲ್ಲಿ ಬಾಳೂ ಇರಲಿಲ್ಲ. ಕೆಲಸ ಸಿಕ್ಕಿ ದಿಲ್ಲಿಗೆ ಬಂದಮೇಲೆ, ರಾಮಚಂದ್ರ ಗುಹಾ ಅವರು 2002ರಲ್ಲಿ ಪ್ರಕಟಿಸಿದ ಭಾರತೀಯ ಕ್ರಿಕೆಟ್ಟಿನ ಸಾಮಾಜಿಕ ಇತಿಹಾಸವನ್ನು ಓದಿದಾಗಲೇ ನಮಗೆ ಈ ಹೆಸರು ಗೊತ್ತಾದದ್ದು. ಸೊಗಸಾದ ಗ್ರಂಥ; ಓದದವರು ಓದಬೇಕು. ಓದಿದಮೇಲೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಬಾಳೂ ಹುಟ್ಟಿದ್ದು 1876ರ ಮಾರ್ಚ್ 19ರಂದು ಎಂದು ಆಟದ ದಾಖಲೆಗಳು ಹೇಳುತ್ತವೆ. 1875 ಎನ್ನುವವರೂ ಇದ್ದಾರೆ. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ ಜಿಲ್ಲೆ. ಮನೆತನ ಕೊಂಕಣದ್ದು, ಪಾಳವಣ ಎಂಬ ಹಳ್ಳಿಯಿಂದ ಬಂದದ್ದರಿಂದ ಪಾಳವಣಕರ. ಜಾತಿಯಲ್ಲಿ ಚಮ್ಮಾರರು, ಅಂದರೆ ಅಂದಿನ ಲೆಕ್ಕದಲ್ಲಿ ಅಸ್ಪೃಶ್ಯರು. ತಂದೆ ಬ್ರಿಟಿಷರ ಸೈನ್ಯದಲ್ಲಿ ಸಿಪಾಯಿ. ಆದ್ದರಿಂದ ಬಾಳೂ ಅವರನ್ನು ಕನ್ನಡಿಗರೆಂದು ನಮ್ಮ ಕಡೆಗೆ ಎಳೆದುಕೊಂಡು ಜಯಕಾರ ಹಾಕುವ ಹುಮ್ಮಸ್ಸು ನಮಗಿಲ್ಲ. ಮನೆಮಾತು ಮರಾಠಿ, ಬೆಳೆದದ್ದು ಪುಣೆಯಲ್ಲಿ, ಬಾಳಿದ್ದು ಮುಂಬಯಿಯಲ್ಲಿ. ಹುಟ್ಟಿದ ಊರು ಮಾತ್ರ ನಮ್ಮದು. ಆದರೆ ಹುಟ್ಟಿದ ಊರಿನವರಾದರೂ ನೆನೆಯಬೇಡವೆ?

ಸೈನ್ಯದ ಮಾತು ಬಂತು. ಬಾಳೂವಿನ ಕಥೆಗೆ ಅದು ಬೇರು. ಊರ ಹೊರಗೆ ಇರಬೇಕಾಗಿದ್ದ ಕೊಂಕಣದ ಕುಟುಂಬಗಳಿಗೆ ಕಂಪನಿಯ ಕಾಲದಿಂದಲೂ ಪಲ್ಟಣವೊಂದೇ ತೆರೆದ ಬಾಗಿಲಾಗಿತ್ತು. ಅಲ್ಲಿ ಸಂಬಳ, ಸಮವಸ್ತ್ರ, ಮಕ್ಕಳಿಗೆ ಒಂದಿಷ್ಟು ಓದು ಸಿಗುತ್ತಿತ್ತು. ರತ್ನಾಗಿರಿ ಜಿಲ್ಲೆಯ ಮೂಲದವರೇ ಆದ ಅಂಬೇಡ್ಕರರ ತಂದೆ ರಾಮಜೀ ಸಕ್ಪಾಳರೂ ಸೈನ್ಯದಲ್ಲಿ ಸುಬೇದಾರರಾಗಿದ್ದರು. ಬಾಳೂವಿನ ತಂದೆಗೆ ಪುಣೆಗೆ ವರ್ಗವಾದಾಗ, ಬಾಳೂ ಮತ್ತು ತಮ್ಮ ಶಿವರಾಮ ದಂಡಿನ ಅಧಿಕಾರಿಗಳು ಬಿಸಾಡಿದ ಬ್ಯಾಟು ಚೆಂಡುಗಳಲ್ಲಿ ಆಟ ಕಲಿತರು. ವಿಠ್ಠಲ ಮತ್ತು ಗಣಪತ ಎಂಬ ಇನ್ನಿಬ್ಬರು ತಮ್ಮಂದಿರೂ ಮುಂದೆ ಆಟಗಾರರಾದರು. ನಾಲ್ವರಲ್ಲಿ ಹೆಸರು ಮಾಡಿದವರು ಬಾಳೂ, ಶಿವರಾಮ, ವಿಠ್ಠಲ.

ಓದು ಬೇಗ ನಿಂತಿತು. ಬಾಳೂವಿನ ಮೊದಲ ನೌಕರಿ ಪುಣೆಯಲ್ಲಿ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಕಸ ಗುಡಿಸುವುದು, ಅಂಕಣಕ್ಕೆ ಉರುಳು ಎಳೆಯುವುದು, ಬಿಡುವಾದಾಗ ಸದಸ್ಯರಿಗೆ ಚೆಂಡು ಎಸೆಯುವುದು. ಸಂಬಳ ತಿಂಗಳಿಗೆ ಮೂರು ರೂಪಾಯಿ. 1892ರ ಸುಮಾರಿಗೆ ಬಿಳಿಯರ ಪುಣೆ ಕ್ಲಬ್ಬಿಗೆ ಸೇರಿದಾಗ ಅದು ನಾಲ್ಕು ರೂಪಾಯಿಗೆ ಏರಿತು. ಅಲ್ಲಿನ ಕೆಲಸ ಅಂಕಣವನ್ನು ಉರುಳಿಸಿ ಸುಣ್ಣದ ಗೆರೆ ಎಳೆಯುವುದು, ಅಭ್ಯಾಸಕ್ಕೆ ಬಲೆ ಕಟ್ಟುವುದು, ಸಮಯ ಬಿದ್ದರೆ ಟೆನಿಸ್ ಕೋರ್ಟಿನ ಚಾಕರಿ. ಈ ಕೂಲಿ ನೌಕರನಿಗೆ ಒಂದು ದಿನ ಟ್ರಾಸ್ ಎಂಬ ಸದಸ್ಯರು ಚೆಂಡು ಕೊಟ್ಟು ತಮಗೆ ಬೌಲ್ ಮಾಡಲು ಹೇಳಿದರು. ಅಲ್ಲಿಂದ ಮುಂದಿನದು ಇತಿಹಾಸ.

ಇಲ್ಲಿ ಒಂದು ಮಾತು ಹೇಳಬೇಕು. ಈಗ ಆಟವಾಡಿ ಹಣ ಗಳಿಸುವವರನ್ನು ಕಂಡರೆ ಜನ ಕೈಮುಗಿಯುತ್ತಾರೆ. ಅಂದು ಹಾಗಿರಲಿಲ್ಲ. ಹಣಕ್ಕಾಗಿ ಆಡುವವನು ಆಳು, ಸುಮ್ಮನೆ ಆಡುವವನು ದೊರೆ. ಇಂಗ್ಲೆಂಡಿನಲ್ಲೇ ಈ ಪಂಕ್ತಿಭೇದ ಶಾಸ್ತ್ರದಂತೆ ನಡೆಯುತ್ತಿತ್ತು. 1806ರಲ್ಲಿ ಆರಂಭವಾದ ‘ಜಂಟಲ್‌ಮನ್’ ಮತ್ತು ‘ಪ್ಲೇಯರ್ಸ್’ ಪಂದ್ಯ, ಅಂದರೆ ಮಹನೀಯರಿಗೂ ಆಟಗಾರರಿಗೂ ನಡುವಿನ ಪಂದ್ಯ, ನಿಂತದ್ದು 1962ರಲ್ಲಿ. ಹವ್ಯಾಸಿಗಳಿಗೂ ಸಂಬಳದವರಿಗೂ ಬಟ್ಟೆ ಬದಲಿಸುವ ಕೋಣೆ ಬೇರೆ, ಅನೇಕ ಮೈದಾನಗಳಲ್ಲಿ ಒಳಗೆ ಬರುವ ಗೇಟೂ ಬೇರೆ. ಇಪ್ಪತ್ತನೆಯ ಶತಮಾನದಲ್ಲಿ ಸಂಬಳದ ಆಟಗಾರನೊಬ್ಬ ಇಂಗ್ಲೆಂಡಿನ ನಾಯಕನಾಗಲು 1952ರವರೆಗೆ, ಲೆನ್ ಹಟನ್ನರವರೆಗೆ, ಕಾಯಬೇಕಾಯಿತು. ಅಮೆರಿಕದವರು ಈ ವಿಷಯದಲ್ಲಿ ಮುಂದಿದ್ದರು. ಅವರ ಬೇಸ್‌ಬಾಲ್ ಆಟದಲ್ಲಿ ಸಿನ್ಸಿನಾಟಿಯ ತಂಡ 1869ರಲ್ಲೇ ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಗೊತ್ತುಮಾಡಿತು. ಆದರೆ ಅಲ್ಲಿ ಬಣ್ಣದ ಗೋಡೆ ಎದ್ದಿತು. 1884ರಲ್ಲಿ ಟೊಲೀಡೊ ತಂಡದಲ್ಲಿ ಆಡಿದ ಕರಿಯ ಆಟಗಾರ ಮೋಸೆಸ್ ಫ್ಲೀಟ್‌ವುಡ್ ವಾಕರನ ತರುವಾಯ ಆ ಬಾಗಿಲು ಮುಚ್ಚಿದ್ದು, ಮತ್ತೆ ತೆರೆದದ್ದು 1947ರ ಏಪ್ರಿಲ್‌ನಲ್ಲಿ ಜಾಕಿ ರಾಬಿನ್‌ಸನ್ ಬಂದಾಗ. ಬಾಳೂವಿನ ಪಾಲಿಗೆ ಈ ಎರಡು ಗೋಡೆಗಳೂ ಒಟ್ಟಿಗೇ ಇದ್ದವು: ಒಂದು ಸಂಬಳದ್ದು, ಇನ್ನೊಂದು ಹುಟ್ಟಿನದು.

ಪುಣೆ ಕ್ಲಬ್ಬಿಗೆ ಮರಳೋಣ. ಅಲ್ಲಿನ ದೊಡ್ಡ ದಾಂಡಿಗ ಕ್ಯಾಪ್ಟನ್ ಜಾನ್ ಗ್ಲೆನ್ನೀ ಗ್ರೇಗ್. ಅವರ ಹೆಸರನ್ನು ನಮ್ಮವರು ಉಚ್ಚರಿಸಿದ ರೀತಿಯಿಂದ ಅವರಿಗೆ ‘ಜಂಗ್ಲಿ’ ಎಂದೇ ಅಡ್ಡಹೆಸರು ಬಿತ್ತು. (ಈ ಜಂಗ್ಲಿ ಸಾಹೇಬರು ಮುಂದೆ 1935ರಲ್ಲಿ ಕ್ಯಾಥೊಲಿಕ್ ಪಾದ್ರಿಗಳಾದರೆಂಬುದು ಬೇರೆಯೇ ಕಥೆ.) ಗ್ರೇಗ್ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಮೈದಾನಕ್ಕೆ ಬಂದು, ಬಾಳೂವಿನಿಂದ ಚೆಂಡು ಎಸೆಸಿಕೊಂಡು ಅಭ್ಯಾಸ ಮಾಡುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಇನಾಮು ಕೊಡುತ್ತಿದ್ದರೆಂದು ಐತಿಹ್ಯ. ಐತಿಹ್ಯವನ್ನು ಐತಿಹ್ಯವೆಂದೇ ಇಟ್ಟುಕೊಂಡರೂ ನಮ್ಮಂಥ ಗುಮಾಸ್ತರಿಗೆ ಲೆಕ್ಕ ಹಾಕದೆ ನಿದ್ದೆ ಬರುವುದಿಲ್ಲ. ಎಂಟಾಣೆಗೆ ಎಂಟು ಸಲ ಔಟ್ ಮಾಡಿದರೆ ನಾಲ್ಕು ರೂಪಾಯಿ, ಅಂದರೆ ಒಂದು ತಿಂಗಳ ಪೂರ್ತಿ ಸಂಬಳ. ಇಂಥ ತುಟ್ಟಿಭತ್ಯೆ ಇದ್ದರೆ ಯಾರ ಕೈ ತಾನೆ ಪಳಗುವುದಿಲ್ಲ!

ಬಾಳೂ ಎಡಗೈಯ ನಿಧಾನ ಬೌಲರು. ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರ ಕಡತಗಳ ನಡುವೆ ತುಕ್ಕು ಹಿಡಿದಿದೆ, ಇಲ್ಲಿಯಾದರೂ ಉಪಯೋಗವಾಗಲಿ. ಎಡಗೈಯವನು ಬೆರಳಿನಿಂದ ತಿರುಚಿ ಬಿಟ್ಟ ಚೆಂಡು ನೆಲಕ್ಕೆ ಬಡಿದಮೇಲೆ ಬಲಗೈ ದಾಂಡಿಗನಿಂದ ಹೊರಕ್ಕೆ, ಸ್ಲಿಪ್ಪಿನ ಕಡೆಗೆ ಸರಿಯುತ್ತದೆ. ತಿರುಗುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನು ಒಂದು ಪಕ್ಕಕ್ಕೆ ತಳ್ಳುವುದರಿಂದ ನೆಲ ಮುಟ್ಟುವ ಮೊದಲೇ ಅದರ ದಾರಿ ಬಾಗುತ್ತದೆ; ದಾಂಡಿಗ ಊಹಿಸಿದ್ದಕ್ಕಿಂತ ಒಂದು ಗೇಣು ಮುಂಚೆ ಬೀಳುತ್ತದೆ. ಇದು ಎಲ್ಲ ಸ್ಪಿನ್ನರುಗಳ ಬಂಡವಾಳ. ಬಾಳೂವಿನ ವಿಶೇಷವೆಂದರೆ ಅವರು ಚೆಂಡನ್ನು ಎರಡೂ ಕಡೆಗೆ ತಿರುಗಿಸಬಲ್ಲವರಾಗಿದ್ದರು, ವೇಗವನ್ನು ಏರಿಸಿ ಇಳಿಸಬಲ್ಲವರಾಗಿದ್ದರು, ಎಲ್ಲಕ್ಕಿಂತ ಹೆಚ್ಚಾಗಿ, ಇಟ್ಟ ಜಾಗದಲ್ಲೇ ಮತ್ತೆ ಮತ್ತೆ ಇಡಬಲ್ಲವರಾಗಿದ್ದರು. ಅಂಕಣಕ್ಕೆ ಮುಚ್ಚಿಗೆ ಹಾಕುವ ಪದ್ಧತಿ ಇಲ್ಲದ ಕಾಲ ಅದು; ಮಳೆ ಬಿದ್ದು ಒಣಗುವ ನೆಲದ ಮೇಲೆ ಇಂಥ ಬೌಲಿಂಗು ವಿಷ. ಆ ನೆಲದ ಗುಣವನ್ನು ಉರುಳು ಎಳೆದು ಎಳೆದು ಅಂಗೈಯಿಂದಲೇ ಕಲಿತವರಿಗಿಂತ ಬಲ್ಲವರಾರು?

ಆದರೆ ಆ ಕ್ಲಬ್ಬಿನಲ್ಲಿ ಸಾವಿರಾರು ಗಂಟೆಗಳ ಕಾಲ ಚೆಂಡು ಎಸೆದ ಬಾಳೂವಿಗೆ ಒಂದು ದಿನವಾದರೂ ಬ್ಯಾಟು ಹಿಡಿಯಲು ಯಾರೂ ಬಿಡಲಿಲ್ಲ. ಬ್ಯಾಟು ಬೀಸುವುದು ದೊರೆಗಳ ಕೆಲಸ. ಬೆವರು ಸುರಿಸಿ ಚೆಂಡು ಎಸೆಯುವುದು ಆಳಿನ ಕೆಲಸ.

ಇದನ್ನು ಓದುವಾಗ ನಮಗೆ ಒಂದು ಸಂಗತಿ ಚುಚ್ಚಿತು, ಹೇಳಿಬಿಡುತ್ತೇವೆ. ದಿಲ್ಲಿಗೆ ಬಂದ ಹೊಸತರಲ್ಲಿ ನಾವು ಕೆಲವರು ಭಾನುವಾರ ಬೆಳಿಗ್ಗೆ ಒಂದು ಮೈದಾನದಲ್ಲಿ ಆಡುತ್ತಿದ್ದೆವು. ಆ ಮೈದಾನಕ್ಕೆ ನೀರು ಹಾಕಿ ಗುಡಿಸುವ ಹುಡುಗನೊಬ್ಬನಿದ್ದ. ನಮ್ಮ ತಂಡದ ಯಾರಿಗಿಂತಲೂ ಚೆನ್ನಾಗಿ ಬೌಲ್ ಮಾಡುತ್ತಿದ್ದ. ‘ಆಜಾ, ದೋ ಓವರ್ ಡಾಲ್ ದೇ’ ಎಂದು ಕರೆದರೆ ಪೊರಕೆ ಬದಿಗಿಟ್ಟು ಓಡಿ ಬರುತ್ತಿದ್ದ. ಎರಡು ಚಳಿಗಾಲ ಹೀಗೆ ನಡೆಯಿತು. ಅವನು ಒಮ್ಮೆಯೂ ಬ್ಯಾಟು ಕೇಳಲಿಲ್ಲ, ನಾವು ಒಮ್ಮೆಯೂ ಕೊಡಲಿಲ್ಲ. ಕೊಡಬಾರದೆಂದು ಯಾರೂ ನಿರ್ಣಯ ಮಾಡಿದವರಲ್ಲ. ಕೊಡಬೇಕೆಂದು ಯಾರಿಗೂ ತೋಚಲೇ ಇಲ್ಲ, ಅಷ್ಟೆ. ಮುಗಿದಮೇಲೆ ಚಹಾ ಕುಡಿಯುವಾಗ ಅವನು ಎಲ್ಲಿ ನಿಂತಿರುತ್ತಿದ್ದನೆಂಬುದೂ ಈಗ ನೆನಪಿಗೆ ಬರುವುದಿಲ್ಲ. 1890ರ ಪುಣೆಯ ಸಾಹೇಬರನ್ನು ಬಯ್ಯಲು ಹೊರಟಾಗ ಈ ಭಾನುವಾರಗಳು ಅಡ್ಡ ಬರುತ್ತವೆ.

ಅದಿರಲಿ. ಬಾಳೂವಿನ ಖ್ಯಾತಿ ಊರೊಳಗೆ ಹಬ್ಬಿತು. ಪುಣೆಯ ಹಿಂದೂ ಕ್ಲಬ್ಬಿನವರಿಗೆ ಬಿಳಿಯರ ತಂಡವನ್ನು ಸೋಲಿಸಬೇಕೆಂಬ ಹಂಬಲ. ಗೆಲ್ಲಿಸಬಲ್ಲವನು ಬಿಳಿಯರ ಮೈದಾನದಲ್ಲೇ ಬಲೆ ಕಟ್ಟುತ್ತಿದ್ದಾನೆ, ಆದರೆ ಮುಟ್ಟಬಾರದವನು. ತಂಡದಲ್ಲಿ ಒಡಕು ಹುಟ್ಟಿತು. ಸೇರಿಸಿಕೊಳ್ಳಬಾರದೆಂದು ಕೆಲವು ಬ್ರಾಹ್ಮಣ ಆಟಗಾರರ ಹಟ. ಸೇರಿಸಿಕೊಳ್ಳಬೇಕೆಂದು ಇತರರ ವಾದ. ಕೊನೆಗೆ ಗೆಲ್ಲುವ ಆಸೆ ಮಡಿಗಿಂತ ದೊಡ್ಡದಾಯಿತು. ಬಾಳೂ ತಂಡಕ್ಕೆ ಬಂದರು. ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ತೊಗಲಿನ ಚೆಂಡಿಗೆ ಮೈಲಿಗೆ ತಟ್ಟಲಿಲ್ಲ. ಚಹಾ ವಿರಾಮದಲ್ಲಿ ಮಾತ್ರ ಉಳಿದವರು ಪೆವಿಲಿಯನ್ ಒಳಗೆ ಪಿಂಗಾಣಿ ಬಟ್ಟಲಲ್ಲಿ ಕುಡಿದರೆ, ಬಾಳೂ ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕಾಗಿತ್ತು. ಮುಖ ತೊಳೆಯಬೇಕೆಂದರೆ ಅಸ್ಪೃಶ್ಯನೇ ಆದ ಆಳೊಬ್ಬ ಮೈದಾನದ ಮೂಲೆಗೆ ನೀರು ತರಬೇಕಾಗಿತ್ತು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ನಮ್ಮ ಕಡೆಯ ಹಳ್ಳಿ ಹೋಟೆಲುಗಳ ಹೊರಗೆ ಗೋಡೆಯ ಗೂಡಿನಲ್ಲಿ ಇಟ್ಟಿರುತ್ತಿದ್ದ ಬೇರೆ ಲೋಟಗಳನ್ನು ಕಂಡು ಬೆಳೆದ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಳೂ ಬಂದಮೇಲೆ ಪುಣೆಯ ಹಿಂದೂಗಳು ಬಿಳಿಯರನ್ನು ಸೋಲಿಸತೊಡಗಿದರು. ಸಾತಾರೆಯ ಬಿಳಿಯರ ಜಿಮಖಾನಾ ತಂಡದೊಡನೆ ಆಡಿದ ಪಂದ್ಯದ ಕಥೆ ಪ್ರಸಿದ್ಧವಾದದ್ದು. ಈ ಬೌಲರನ ಹಲ್ಲು ಕೀಳಲು ಅಲ್ಲಿನವರು ವಾರಗಟ್ಟಲೆ ಅಂಕಣವನ್ನು ಉರುಳಿಸಿ ಗಾರೆ ನೆಲದಂತೆ ಮಾಡಿಟ್ಟಿದ್ದರಂತೆ. ಬಾಳೂ ಏಳು ವಿಕೆಟ್ ತೆಗೆದು ಬಂದರು. ಗೆದ್ದು ಬಂದಮೇಲೆ ಮಹಾದೇವ ಗೋವಿಂದ ರಾನಡೆಯವರು ಸಾರ್ವಜನಿಕವಾಗಿ ಬಾಳೂವನ್ನು ಸನ್ಮಾನಿಸಿದರು; ಮುಂದೆ ಲೋಕಮಾನ್ಯ ತಿಲಕರೂ ಮೆಚ್ಚಿ ಆಡಿದರು. ಸುಧಾರಕರೂ ಅಲ್ಲದವರೂ ಒಪ್ಪಿದ ಸಂಗತಿಗಳು ಅಂದಿನ ಪುಣೆಯಲ್ಲಿ ಹೆಚ್ಚು ಇರಲಿಲ್ಲ. ಬಾಳೂವಿನ ಎಡಗೈ ಅವುಗಳಲ್ಲಿ ಒಂದು.

1896ರಲ್ಲಿ ಪ್ಲೇಗು ಬಂತು. ಆ ದಿನಗಳಲ್ಲೇ ಬಾಳೂ ಪುಣೆ ಬಿಟ್ಟು ಮುಂಬಯಿಗೆ ಹೋದರು. ಅಲ್ಲಿನ ಪರಮಾನಂದದಾಸ ಜೀವನದಾಸ ಹಿಂದೂ ಜಿಮಖಾನಾದಲ್ಲಿ ಮತ್ತೆ ಅದೇ ತಕರಾರು. ನಾಯಕ ಕೀರ್ತಿಕರರು ಹಟ ಹಿಡಿದು ಸೇರಿಸಿಕೊಂಡರು. ಹೊಟ್ಟೆಪಾಡಿಗೆ ಮೊದಲು ಸೈನ್ಯದಲ್ಲಿ, ಅನಂತರ ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ನೌಕರಿ. ರೈಲ್ವೆಯ ತಂಡಕ್ಕೂ ಆಡುತ್ತಿದ್ದರು. ಇಂದು ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ‘ಸ್ಪೋರ್ಟ್ಸ್ ಕೋಟಾ’ದಲ್ಲಿ ಬರುವ ನಮ್ಮ ಸಹೋದ್ಯೋಗಿಗಳಿಗೆ ಇವರೇ ಮೂಲಪುರುಷರೆಂದರೆ ತಪ್ಪಾಗದು. ವ್ಯತ್ಯಾಸವಿಷ್ಟೆ: ಅಂದು ಕೋಟಾ ಎಂಬ ಮಾತು ಇರಲಿಲ್ಲ, ಪೆನ್ಷನ್ನಿನ ಭರವಸೆಯೂ ಇರಲಿಲ್ಲ.

ಈಗ 1906ಕ್ಕೆ ಬರೋಣ. ಮುಂಬಯಿಯಲ್ಲಿ ಅದುವರೆಗೆ ಬಿಳಿಯರನ್ನು ಎದುರಿಸಿ ಆಡುತ್ತಿದ್ದವರು ಪಾರ್ಸಿಗಳು. ಅವರು 1886ರಲ್ಲೇ ಇಂಗ್ಲೆಂಡಿಗೆ ಹೋಗಿ ಬಂದವರು. 1892ರಿಂದ ಪ್ರತಿವರ್ಷ ಬಿಳಿಯರೊಡನೆ ಪಂದ್ಯವಾಡುತ್ತಿದ್ದವರು. ಹಿಂದೂಗಳಿಗೆ ಅಂಥ ಮಾನ್ಯತೆ ಸಿಕ್ಕಿದ್ದು 1906ರ ಫೆಬ್ರವರಿಯಲ್ಲಿ, ಬಾಂಬೆ ಜಿಮಖಾನಾ ಮೈದಾನದಲ್ಲಿ. ಬಂಗಾಳದ ವಿಭಜನೆಯಾಗಿ ಕೆಲವೇ ತಿಂಗಳುಗಳಾಗಿದ್ದವು, ಸ್ವದೇಶಿ ಚಳವಳಿಯ ಕಾವು ಎಲ್ಲೆಡೆ ಇತ್ತು ಎಂಬುದನ್ನು ಮರೆಯಬಾರದು. ಹಿಂದೂಗಳು ಮೊದಲು ಆಡಿ 242 ಓಟ ಗಳಿಸಿದರು. ಬಿಳಿಯರು 191. ಎರಡನೆಯ ಸರದಿಯಲ್ಲಿ ಹಿಂದೂಗಳು 160. ಗೆಲ್ಲಲು 212 ಬೇಕಾಗಿದ್ದ ಬಿಳಿಯರು 102ಕ್ಕೆ ಮುಗಿದರು. ಅಂತರ 109 ಓಟ. ಬಾಳೂ ಮೊದಲ ಸರದಿಯಲ್ಲಿ ಮೂರು, ಎರಡನೆಯದರಲ್ಲಿ ಐದು, ಒಟ್ಟು ಎಂಟು ವಿಕೆಟ್ ತೆಗೆದರು. ತಮ್ಮ ಶಿವರಾಮನೂ ತಂಡದಲ್ಲಿದ್ದ.

ಆಳುವವರನ್ನು ಅವರದೇ ಆಟದಲ್ಲಿ, ಅವರದೇ ಮೈದಾನದಲ್ಲಿ ಸೋಲಿಸಿದ್ದರ ಹಿಗ್ಗು ಎಷ್ಟಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ನಮಗೆ ಅದಕ್ಕಿಂತ ದೊಡ್ಡದೆನಿಸಿದ ಸಂಗತಿ ಇನ್ನೊಂದು. ಆ ಹೊತ್ತಿಗೆ ಮುಂಬಯಿಯ ಹಿಂದೂ ಜಿಮಖಾನಾದ ಆಟಗಾರರು ಬಾಳೂ ಸೋದರರ ಜೊತೆ ಒಂದೇ ಕಡೆ ಕುಳಿತು ಊಟ ಮಾಡತೊಡಗಿದ್ದರು. ‘ಇಂಡಿಯನ್ ಸೋಷಿಯಲ್ ರಿಫಾರ್ಮರ್’ ಪತ್ರಿಕೆ ಗೆಲುವಿಗಿಂತ ಇದನ್ನೇ ಎತ್ತಿ ಆಡಿತು. ಪುಣೆಯ ಮಣ್ಣಿನ ಕುಡಿಕೆಯಿಂದ ಮುಂಬಯಿಯ ಸಹಪಂಕ್ತಿಗೆ ಬರಲು ಸುಮಾರು ಹತ್ತು ವರ್ಷ, ನೂರಾರು ವಿಕೆಟ್ಟುಗಳು ಬೇಕಾದವು. ಆದರೂ ಬಂತು. ಇದನ್ನು ಸಣ್ಣದೆನ್ನಲು ನಾವು ಸಿದ್ಧರಿಲ್ಲ.

1911ರಲ್ಲಿ ಮೊದಲ ‘ಅಖಿಲ ಭಾರತ’ ತಂಡ ಇಂಗ್ಲೆಂಡಿಗೆ ಹೋಯಿತು. ಇಲ್ಲಿ ದಿಲ್ಲಿಯವರಿಗೆ ಪರಿಚಿತವಾದ ವರ್ಷ ಅದು. ಡಿಸೆಂಬರಿನ ದರ್ಬಾರಿನಲ್ಲಿ ರಾಜಧಾನಿಯನ್ನು ಕಲ್ಕತ್ತೆಯಿಂದ ಇಲ್ಲಿಗೆ ತರುವ ಘೋಷಣೆಯಾಯಿತು, ಅದರ ಫಲವಾಗಿಯೇ ನಾವೆಲ್ಲ ಇಲ್ಲಿ ಅನ್ನ ಉಣ್ಣುತ್ತಿದ್ದೇವೆ. ಬೇಸಿಗೆಯಲ್ಲಿ ಹೊರಟ ಆ ತಂಡದ ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್, ಇಪ್ಪತ್ತು ತುಂಬದ ತರುಣ. ಪಾರ್ಸಿಗಳು, ಮುಸಲ್ಮಾನರು, ಹಿಂದೂಗಳು ಸೇರಿದ ತಂಡ. ನಮ್ಮ ಬೆಂಗಳೂರಿನ ಬಿ. ಜಯರಾಂ ಅದರಲ್ಲಿದ್ದರು, ಬಾಳೂ ಮತ್ತು ಶಿವರಾಮ ಇಬ್ಬರೂ ಇದ್ದರು. ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ಋತು ಅದು. ಮಹಾರಾಜರಿಗೆ ಔತಣಕೂಟಗಳ ಮಧ್ಯೆ ಕ್ರಿಕೆಟ್ಟಿಗೆ ಬಿಡುವಾದದ್ದು ಕಡಿಮೆ.

ತಂಡ 23 ಪಂದ್ಯ ಆಡಿ 15ರಲ್ಲಿ ಸೋತಿತು, 6 ಗೆದ್ದಿತು, 2 ಸಮವಾದವು. ಕೌಂಟಿಗಳ ಪೈಕಿ ಲೆಸ್ಟರ್‌ಷೈರನ್ನೂ ಸಾಮರ್‌ಸೆಟ್ಟನ್ನೂ ಸೋಲಿಸಿದರು; ಸಾಮರ್‌ಸೆಟ್ ಪಂದ್ಯ ಗೆದ್ದದ್ದು ಒಂದೇ ವಿಕೆಟ್ಟಿನಿಂದ, ಅದೂ ಶಿವರಾಮನ ಅಜೇಯ ಶತಕದ ಬಲದಿಂದ. ಬಾಳೂ ಮಾತ್ರ ತಂಡದ ಸೋಲು ಗೆಲುವಿನಾಚೆ ನಿಂತರು. ವಯಸ್ಸು ಮೂವತ್ತೈದು ದಾಟಿತ್ತು, ಭುಜ ನೋಯುತ್ತಿತ್ತು. ಆದರೂ ಪ್ರವಾಸದಲ್ಲಿ ಒಟ್ಟು 114 ವಿಕೆಟ್. ಅದರಲ್ಲಿ 75 ಪ್ರಥಮ ದರ್ಜೆಯ ಪಂದ್ಯಗಳಲ್ಲಿ, ಸರಾಸರಿ 20 ಓಟದ ಆಸುಪಾಸು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ 103 ಓಟಕ್ಕೆ 8. ಆ ಕಾಲದ ಇಂಗ್ಲೆಂಡಿನ ಮಹಾ ಎಡಗೈ ಬೌಲರ್ ವಿಲ್‌ಫ್ರೆಡ್ ರೋಡ್ಸ್‌ಗೆ ಹೋಲಿಸಿ ಬಾಳೂವನ್ನು ಭಾರತದ ರೋಡ್ಸ್ ಎಂದರು. ಸೋಲುವ ತಂಡದಲ್ಲಿದ್ದುಕೊಂಡು, ಚಳಿ ಮಳೆಯ ಅಪರಿಚಿತ ನೆಲದಲ್ಲಿ, ನೋಯುವ ತೋಳಿನಿಂದ ನೂರ ಹದಿನಾಲ್ಕು! ಇದಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಡ.

ಮರಳಿದಾಗ ಮುಂಬಯಿಯಲ್ಲಿ ದಲಿತ ಸಮಾಜದವರು ಸಭೆ ಸೇರಿ ಮಾನಪತ್ರ ಅರ್ಪಿಸಿದರು. ಅದನ್ನು ಬರೆದವರು ಆಗಿನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರರೆಂದು ಹೇಳುತ್ತಾರೆ. ಯಾರೇ ಬರೆದಿರಲಿ, ಅಂಬೇಡ್ಕರರ ಯೌವನದಲ್ಲಿ ಅವರ ಜನರ ನಡುವೆ ಅತ್ಯಂತ ಪ್ರಸಿದ್ಧನಾದ ವ್ಯಕ್ತಿ ಬಾಳೂ ಎಂಬುದರಲ್ಲಿ ಅನುಮಾನವಿಲ್ಲ, ಅಂಬೇಡ್ಕರರಿಗೆ ಅವರ ಮೇಲೆ ಅಭಿಮಾನವಿತ್ತೆಂಬುದರಲ್ಲೂ ಇಲ್ಲ.

ಇಷ್ಟಾದಮೇಲೆ ಬಾಳೂ ಹಿಂದೂ ತಂಡದ ನಾಯಕರಾದರೆ? ಇಲ್ಲ. 1912ರಲ್ಲಿ ಮುಸಲ್ಮಾನರ ತಂಡವೂ ಸೇರಿ ಮುಂಬಯಿಯ ಪಂದ್ಯಾವಳಿ ಚತುಷ್ಕೋನವಾಯಿತು. ವರ್ಷ ವರ್ಷವೂ ಬಾಳೂ ಬೌಲ್ ಮಾಡಿದರು. ವರ್ಷ ವರ್ಷವೂ ನಾಯಕರು ಬೇರೆಯವರು. 1913ರಲ್ಲಿ ನಾಯಕರಾದ ಎಂ. ಡಿ. ಪೈ ಅವರು, ಈ ಗೌರವ ಹಿರಿಯನೂ ಅನುಭವಿಯೂ ಆದ ಬಾಳೂವಿಗೆ ಸಲ್ಲಬೇಕಿತ್ತೆಂದು ಸಭೆಯಲ್ಲೇ ಹೇಳಿದರು. ದೊಡ್ಡ ಮಾತು. ಜೊತೆಯ ಆಟಗಾರನಿಗೆ ಕಂಡದ್ದು ಆಯ್ಕೆ ಸಮಿತಿಗೆ ಕಾಣಲಿಲ್ಲ. ಬೌಲ್ ಮಾಡಲು ಕರೆ, ಆಜ್ಞೆ ಕೊಡಲು ಬೇಡ: ಪುಣೆ ಕ್ಲಬ್ಬಿನ ನಿಯಮವೇ ಇಲ್ಲಿ ಬೇರೆ ಪೋಷಾಕಿನಲ್ಲಿ ಬಂದಿತ್ತು.

1920ರಲ್ಲಿ ಅದು ಸ್ಫೋಟಿಸಿತು. ಬಾಳೂವನ್ನು ತಂಡದಿಂದ ಬಿಟ್ಟರು. ವಯಸ್ಸು ನಲವತ್ತನಾಲ್ಕು, ಒಪ್ಪಬಹುದು. ಪೈ ಅಸ್ವಸ್ಥರಾದಾಗ ನಾಯಕತ್ವ ಯಾರಿಗೆಂಬ ಪ್ರಶ್ನೆ ಬಂತು. ತಂಡದ ಅತ್ಯುತ್ತಮ ದಾಂಡಿಗ ವಿಠ್ಠಲ, ಹಿರಿಯ ಶಿವರಾಮ ಇಬ್ಬರನ್ನೂ ದಾಟಿ, ಪುಣೆಯ ಡಿ. ಬಿ. ದೇವಧರರನ್ನು ಆರಿಸಿದರು. (ದೇವಧರರು ಮುಂದೆ ಮಹಾರಾಷ್ಟ್ರ ಕ್ರಿಕೆಟ್ಟಿನ ಪಿತಾಮಹರಾದರು, ನೂರೊಂದು ವರ್ಷ ಬಾಳಿದರು; ಅವರ ಆಟವನ್ನು ಇಲ್ಲಿ ಯಾರೂ ಹಳಿಯುತ್ತಿಲ್ಲ.) ಸೋದರರಿಬ್ಬರೂ ತಂಡದಿಂದ ಹೊರಬಂದು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟರು. ಜಾತಿಯ ಕಾರಣಕ್ಕೆ ತಮ್ಮನ್ನು ಕಡೆಗಣಿಸಿದ್ದಾರೆಂದು ಮುಚ್ಚುಮರೆಯಿಲ್ಲದೆ ಬರೆದರು. ಗಾಂಧೀಜಿಯವರು ಅಸ್ಪೃಶ್ಯತೆಯ ವಿರುದ್ಧ ಮಾತಾಡುತ್ತಿದ್ದ ಕಾಲ. ಜನಾಭಿಪ್ರಾಯ ಸೋದರರ ಕಡೆಗೆ ವಾಲಿತು. ಮುಂದಿನ ಪಂದ್ಯಕ್ಕೆ ಮೂವರೂ ಮರಳಿದರು, ಬಾಳೂ ಉಪನಾಯಕ. ಪಂದ್ಯದ ನಡುವೆ ಪೈ ಅವರು ಮೈದಾನದಿಂದ ಹೊರಗೆ ಉಳಿದು, ಸ್ವಲ್ಪ ಹೊತ್ತಾದರೂ ಬಾಳೂವಿನ ಕೈಗೆ ತಂಡ ಒಪ್ಪಿಸಿದರು.

ಬಾಳೂವಿಗೆ ಸಿಕ್ಕಿದ ನಾಯಕತ್ವ ಅಷ್ಟೇ. ಉಳಿದದ್ದು ತಮ್ಮನಿಗೆ ಸಿಕ್ಕಿತು. 1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕನಾದ; ಅಂತಿಮ ಪಂದ್ಯದಲ್ಲಿ ಬಿಳಿಯರನ್ನು ಸೋಲಿಸಿದಾಗ ಜನ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಮುಟ್ಟಬಾರದೆಂದವನನ್ನು ಹೆಗಲ ಮೇಲೆ! ವಿಠ್ಠಲ 1948ರಲ್ಲಿ ಮರಾಠಿಯಲ್ಲಿ ತನ್ನ ಆಟದ ಬದುಕಿನ ಕಥೆಯನ್ನು ಬರೆದ. ಬಾಳೂ ಏನೂ ಬರೆಯಲಿಲ್ಲ. ಅಣ್ಣನ ಬಗ್ಗೆ ನಮಗೆ ಸಿಗುವುದರಲ್ಲಿ ಬಹುಪಾಲು ತಮ್ಮನ ಕೃಪೆ.

ಆಟ ಮುಗಿದಮೇಲೆ ಬಾಳೂ ರಾಜಕೀಯಕ್ಕೆ ಬಂದರು. ಇಲ್ಲಿ ಕಥೆ ಕಹಿಯಾಗುತ್ತದೆ. ಅದನ್ನು ಸಿಹಿ ಮಾಡಲು ನಮಗೆ ಬರುವುದಿಲ್ಲ. 1932ರಲ್ಲಿ ಬ್ರಿಟಿಷ್ ಸರ್ಕಾರ ದಲಿತರಿಗೆ ಪ್ರತ್ಯೇಕ ಮತದಾರ ವರ್ಗ ಘೋಷಿಸಿದಾಗ ಅಂಬೇಡ್ಕರರು ಅದರ ಪರ, ಮದರಾಸಿನ ಎಂ. ಸಿ. ರಾಜಾ ಮತ್ತು ಬಾಳೂ ಅದಕ್ಕೆ ವಿರೋಧ. ಗಾಂಧೀಜಿಯವರ ಉಪವಾಸ, ಸಂಧಾನ, ಸೆಪ್ಟೆಂಬರ್ 24ರ ಪುಣೆ ಒಪ್ಪಂದ: 71ರ ಬದಲು 148 ಮೀಸಲು ಸ್ಥಾನ, ಆದರೆ ಮತದಾರ ವರ್ಗ ಒಂದೇ. ಆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅಂಬೇಡ್ಕರರೂ ಇದ್ದಾರೆ, ಬಾಳೂವೂ ಇದ್ದಾರೆ. ಅದಾದ ಸ್ವಲ್ಪದರಲ್ಲೇ ಬಾಳೂ ಮುಂಬಯಿ ನಗರಸಭೆಗೆ ನಿಂತು ಸೋತರು. 1935ರಲ್ಲಿ ಅಂಬೇಡ್ಕರರು ತಾವು ಹಿಂದುವಾಗಿ ಸಾಯುವುದಿಲ್ಲವೆಂದು ಸಾರಿದಾಗ ಬಾಳೂ ಒಪ್ಪಲಿಲ್ಲ. 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಅಂಬೇಡ್ಕರರ ಎದುರಿಗೆ ಕಾಂಗ್ರೆಸ್ ಬಾಳೂವನ್ನೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತ, ಬಾಳೂವಿಗೆ 11,225. ಅಂತರ 2,020.

ಮಾನಪತ್ರ ಪಡೆದವನನ್ನು ಮಾನಪತ್ರದ ಸಭೆಯ ತರುಣ ಸೋಲಿಸಿದ. ಯಾರು ಸರಿ ಎಂದು ತೀರ್ಪು ಕೊಡುವವರು ಬೇರೆ ಇದ್ದಾರೆ. ನಮಗೆ ತೋರುವುದಿಷ್ಟು: ಬಾಳೂ ತಮ್ಮ ಕಣ್ಣಾರೆ ಮಣ್ಣಿನ ಕುಡಿಕೆ ಪಿಂಗಾಣಿಯಾದದ್ದನ್ನು ಕಂಡವರು, ಹಿಂದೂ ಸಮಾಜ ನಿಧಾನವಾಗಿಯಾದರೂ ಬದಲಾಗುತ್ತದೆಂದು ನಂಬಲು ಅವರಿಗೆ ಕಾರಣವಿತ್ತು. ಆದರೆ ಅದನ್ನು ಬದಲಾಯಿಸಲು ಒಂದು ಅಸಾಧಾರಣ ಎಡಗೈ ಬೇಕಾಯಿತು. ಅಂಥ ಕೈ ಇಲ್ಲದ ಲಕ್ಷಾಂತರ ಜನರ ಗತಿಯೇನು ಎಂಬುದು ಅಂಬೇಡ್ಕರರ ಪ್ರಶ್ನೆ. ಬಾಳೂವಿನ ಅಭಿಮಾನಿಗಳಾದ ನಮಗೂ ಆ ಪ್ರಶ್ನೆಗೆ ಉತ್ತರ ಕಷ್ಟ.

ಬಾಳೂ 1955ರ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು. ಸಾಂತಾಕ್ರೂಜಿನಲ್ಲಿ ಅಂತ್ಯಕ್ರಿಯೆ ನಡೆಯಿತು. ಹಳೆಯ ಆಟಗಾರರು, ದಲಿತ ಮುಖಂಡರು, ಸಂಸತ್ಸದಸ್ಯರು ಬಂದಿದ್ದರು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಲಾರ್ಡ್ಸ್‌ನಲ್ಲಿ. ಆಗ ಅವರಿಗೆ ಐವತ್ತಾರು ವರ್ಷ. ಆದ್ದರಿಂದ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಪ್ರಥಮ ದರ್ಜೆಯ ದಾಖಲೆಯಲ್ಲಿ ಇರುವುದು 33 ಪಂದ್ಯ, 179 ವಿಕೆಟ್, ಸರಾಸರಿ 15.21. ಅದರ ಪಕ್ಕದ ಅಂಕಣದಲ್ಲಿ ಓಟಗಳು 753. ಪುಣೆಯ ಬಲೆಯಲ್ಲಿ ಬ್ಯಾಟು ಕೈಗೆ ಸಿಗದ ನೌಕರನ ಓಟಗಳು ಇವು. ಎಲ್ಲಿ, ಯಾವಾಗ ಕಲಿತರೋ, ಮೂರು ಅರ್ಧಶತಕಗಳೂ ಇವೆ.